ಭೂಮಿನ ಮೊದಲು ಸುತ್ತಿದ್ದು ಯಾರು? ಕೀ ಆನ್ಸರ್‌ನಲ್ಲಿ ಮೆಗಲನ್ ಅಂತಿದೆ, ಆತ ದಾರಿಯಲ್ಲೇ ಸತ್ತಿದ್ನಲ್ವಾ?

ಓದೋಹುಡುಗಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಒಂದು ಕೋಚಿಂಗ್ ಸೆಂಟರ್‌ನ ಮಾಕ್ ಟೆಸ್ಟ್ ಬರೆದೆ, ಅದರಲ್ಲಿ "ಸಮುದ್ರಮಾರ್ಗವಾಗಿ ಪ್ರಪಂಚವನ್ನು ಮೊದಲು ಸುತ್ತಿದ ನಾವಿಕ ಯಾರು" ಅಂತ ಪ್ರಶ್ನೆ ಬಂದಿತ್ತು. ಆಪ್ಷನ್ಸ್: ಕೊಲಂಬಸ್, ವಾಸ್ಕೋ ಡ ಗಾಮ, ಮೆಗಲನ್, ಫ್ರಾನ್ಸಿಸ್ ಡ್ರೇಕ್. ನಾನು ಡ್ರೇಕ್ ಟಿಕ್ ಮಾಡಿದೆ, ಕೀ ಆನ್ಸರ್ ನೋಡಿದ್ರೆ ಮೆಗಲನ್. ಆಬ್ಜೆಕ್ಷನ್ ಹಾಕೋಕೆ ಈ ವಾರ ಟೈಮ್ ಇದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಮೆಗಲನ್ 1521ರಲ್ಲೇ ಫಿಲಿಪೀನ್ಸ್‌ನಲ್ಲಿ ಸತ್ತ, ಹಡಗು ಸ್ಪೇನಿಗೆ ವಾಪಸ್ ಬಂದಿದ್ದು 1522ರಲ್ಲಿ. ಸುತ್ತು ಮುಗಿಸದೇ ಇರೋನಿಗೆ ಮೊದಲು ಸುತ್ತಿದವನು ಅನ್ನೋ ಹೆಸರು ಹೇಗೆ ಬಂತು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಟೀ_ಬ್ರೇಕ್:
ಎಕ್ಸಾಮ್ ಅಂದ್ಮೇಲೆ ಮೆಗಲನ್ ಅಂತಾನೇ ಹಾಕ್ಬೇಕು ಸಿಸ್ಟರ್. ಎಲ್ಲಾ ಗೈಡ್‌ಗಳಲ್ಲೂ ಅದೇ ಇರೋದು.

ಹಾಸನ_ಕ್ವಿಜ್:
ಗೈಡ್‌ನಲ್ಲಿದೆ ಅಂತ ಸುಮ್ನಿದ್ರೆ ಇನ್ನೂ ಐವತ್ತು ವರ್ಷ ಅದೇ ಓಡುತ್ತೆ. ನಾನು ಕಾಲೇಜುಗಳಲ್ಲಿ ಕ್ವಿಜ್ ನಡೆಸ್ತೀನಿ, ಈ ಪ್ರಶ್ನೆ ಬಂದಾಗಲೆಲ್ಲ ಹಾಲ್‌ನಲ್ಲಿ ಗಲಾಟೆ, ಹಾಗಾಗಿ ಮೊದಲು ನಡೆದಿದ್ದನ್ನ ನಡೆದ ಹಾಗೇ ಹೇಳ್ಬಿಡ್ತೀನಿ. 1519 ಸೆಪ್ಟೆಂಬರ್ 20ಕ್ಕೆ ಸ್ಪೇನಿನ ಸಾನ್‌ಲೂಕರ್ ಬಂದರಿನಿಂದ ಐದು ಹಡಗು ಹೊರಟ್ವು: ಟ್ರಿನಿಡಾಡ್, ಸಾನ್ ಆಂಟೋನಿಯೊ, ಕನ್ಸೆಪ್ಸಿಯೋನ್, ವಿಕ್ಟೋರಿಯಾ, ಸಾಂಟಿಯಾಗೊ. ಜನ ಹತ್ತಿರತ್ತಿರ 240. ಸಾಂಟಿಯಾಗೊ ದಕ್ಷಿಣ ಅಮೆರಿಕದ ಕರಾವಳಿಯಲ್ಲೇ ಒಡೆದು ಹೋಯ್ತು. ಸಾನ್ ಆಂಟೋನಿಯೊ ಎಲ್ಲಕ್ಕಿಂತ ದೊಡ್ಡ ಹಡಗು, ಊಟದ ಸಾಮಾನು ಜಾಸ್ತಿ ಇದ್ದಿದ್ದೂ ಅದರಲ್ಲೇ, ಅದು ದಕ್ಷಿಣ ಅಮೆರಿಕದ ತುದಿಯ ಜಲಸಂಧಿ ಒಳಗಿಂದ ಹೇಳದೆ ಕೇಳದೆ ಸ್ಪೇನಿಗೆ ವಾಪಸ್ ಹೋಯ್ತು. ಉಳಿದ ಮೂರು 1520 ನವೆಂಬರ್ 28ಕ್ಕೆ ಪೆಸಿಫಿಕ್‌ಗೆ ಬಂದ್ವು. 1521 ಏಪ್ರಿಲ್ 27ಕ್ಕೆ ಮ್ಯಾಕ್ಟಾನ್ ದ್ವೀಪದ ಜಗಳದಲ್ಲಿ ಮೆಗಲನ್ ಸತ್ತ. ಅದಾಗಿ ನಾಲ್ಕೇ ದಿನಕ್ಕೆ, ಮೇ 1, ಪಕ್ಕದ ಸೆಬು ದ್ವೀಪದಲ್ಲಿ ಅಲ್ಲಿನವರು ಊಟಕ್ಕೆ ಅಂತ ಕರೆದು ಇಪ್ಪತ್ತಕ್ಕಿಂತ ಜಾಸ್ತಿ ಜನರನ್ನ ಕೊಂದ್ರು. ಮೂರು ಹಡಗು ನಡೆಸೋಕೆ ಕೈ ಸಾಲ್ದೇ ಕನ್ಸೆಪ್ಸಿಯೋನ್‌ಗೆ ಅವರೇ ಬೆಂಕಿ ಇಟ್ರು. ನವೆಂಬರ್ 8ಕ್ಕೆ ಟಿಡೋರ್ ದ್ವೀಪ ಸಿಕ್ತು, ಅಂದ್ರೆ ಇಷ್ಟೆಲ್ಲಾ ಮಾಡಿದ್ದು ಯಾವ ಲವಂಗಕ್ಕೋ ಆ ಲವಂಗದ ಊರು. ಹೊರಡೋ ಹೊತ್ತಿಗೆ ಟ್ರಿನಿಡಾಡ್ ಸೋರೋಕೆ ಶುರುವಾಗಿ ಅಲ್ಲೇ ನಿಂತ್ಕೊಂಡ್ತು. ವಿಕ್ಟೋರಿಯಾ ಒಂದೇ ಡಿಸೆಂಬರ್ 21ಕ್ಕೆ ಹೊರಟಿದ್ದು, ಕ್ಯಾಪ್ಟನ್ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ, ಸ್ಪೇನಿನ ಬಾಸ್ಕ್ ಪ್ರದೇಶದ ಗೆಟಾರಿಯಾ ಊರಿನವನು. 1522 ಸೆಪ್ಟೆಂಬರ್ 6ಕ್ಕೆ ಸಾನ್‌ಲೂಕರ್ ತಲುಪಿದಾಗ ಹಡಗಲ್ಲಿ ಇದ್ದ ಯುರೋಪಿನವರು 18 ಜನ. ಆ ಹದಿನೆಂಟು ಜನರ ಹೆಸರೂ ದಾಖಲೆಯಲ್ಲಿದೆ, ಮೆಗಲನ್ ಹೆಸರು ಅದರಲ್ಲಿ ಇರೋಕೆ ಸಾಧ್ಯನೇ ಇಲ್ಲ.

ಧಾರವಾಡ_ಫೇಡಾ:
ಎಲ್ಲಾ ಖರೇ ಐತ್ರಿ, ಆದ್ರ ಒಂದು ಮಾತು. ಐದು ಹಡಗು ಕೂಡಿಸಿದಾಂವ ಯಾರು, ರಾಜನ ಮುಂದ ಹೋಗಿ ಒಪ್ಪಿಸಿದಾಂವ ಯಾರು? ಪೋರ್ಚುಗಲ್ ರಾಜ ಮ್ಯಾನುಯೆಲ್ ಬ್ಯಾಡ ಅಂದಾಗ ದೇಶಾನ ಬಿಟ್ಟು 1517ರಾಗ ಸ್ಪೇನಿಗೆ ಹೋದ, ಮರು ವರ್ಷ ಮಾರ್ಚ್‌ನ್ಯಾಗ ಹದಿನೆಂಟು ವಯಸ್ಸಿನ ರಾಜ ಚಾರ್ಲ್ಸ್ ಕಡೆ ಸಹಿ ಹಾಕಿಸಿಕೊಂಡ. ಆ ಜಲಸಂಧಿ ಐತಲ್ಲ, ದಕ್ಷಿಣ ಅಮೆರಿಕದ ತುದಿಗೆ ಇರೂದು, ಅದನ್ನ ದಾಟ್ಲಿಕ್ಕೆ ಒಂದು ತಿಂಗಳ ಮ್ಯಾಲ ಹಿಡೀತು, ಎಲ್ಲಿ ನೋಡಿದ್ರೂ ಕವಲು, ಯಾವ ಕವಲು ಸಮುದ್ರಕ್ಕ ಹೋಗ್ತದ ಯಾವುದು ಗುಡ್ಡಕ್ಕ ಬಡೀತದ ಗೊತ್ತಿಲ್ಲ, ನಕ್ಷಾ ಇಲ್ಲ, ಚಳಿ ಬ್ಯಾರೆ. ಅದನ್ನ ಹುಡುಕಿದಾಂವನ ಹೆಸರು ಇಡಬಾರದಂದ್ರ ಹ್ಯಾಂಗ್ರೀ? ಎಲ್ಕಾನೊ ಅಂತೂ ಅದಕ್ಕೂ ಮೊದಲ ದಕ್ಷಿಣ ಅಮೆರಿಕದ ಸಾನ್ ಹುಲಿಯನ್ ಬಂದರದಾಗ ಮೆಗಲನ್ ವಿರುದ್ಧ ದಂಗೆ ಎದ್ದವರೊಳಗ ಇದ್ದ. ನಲವತ್ತು ಮಂದಿಗೆ ಮರಣದಂಡನೆ ಅಂತ ತೀರ್ಪು ಆಗಿತ್ತು, ಹಡಗು ನಡಸ್ಲಿಕ್ಕೆ ಮಂದಿ ಬೇಕಾಗಿದ್ರಿಂದ ಮೆಗಲನ್ ಮಾಫಿ ಮಾಡಿದ. ಮಾಫಿ ಕೊಟ್ಟಾಂವನ ಹೆಸರು ಅಳಿಸಿ ಮಾಫಿ ತಗೊಂಡಾಂವನ ಹೆಸರು ಬರಿಯೂದು ನನಗ ಒಪ್ಪಿಗಿ ಇಲ್ಲ.

ಓದೋಹುಡುಗಿ:
@ಧಾರವಾಡ_ಫೇಡಾ ಅಣ್ಣ, ಅವನ ಹೆಸರು ಅಳಿಸಿ ಅಂತ ನಾನು ಹೇಳ್ತಾನೇ ಇಲ್ಲ. ಜಲಸಂಧಿ ಯಾರು ಕಂಡುಹಿಡಿದ್ರು ಅಂತ ಕೇಳಿದ್ರೆ ಮೆಗಲನ್, ಪೆಸಿಫಿಕ್ ದಾಟಿಸಿದ ಮೊದಲ ಯುರೋಪಿಯನ್ ಯಾರು ಅಂದ್ರೂ ಮೆಗಲನ್. ಆದ್ರೆ ಭೂಮಿ ಸುತ್ತೋ ಪ್ಲಾನೇ ಅವನಿಗೆ ಇರ್ಲಿಲ್ಲ ಅಲ್ವಾ? ಪಶ್ಚಿಮದ ಕಡೆಯಿಂದ ಮಸಾಲೆ ದ್ವೀಪಕ್ಕೆ ಹೋಗೋದು, ಹೋದ ದಾರೀಲೇ ವಾಪಸ್ ಬರೋದು, ಇಷ್ಟೇ ರಾಜ ಕೊಟ್ಟ ಆದೇಶ ಅಂತ ಓದಿದೀನಿ. ಇದು ಸರಿನಾ ಯಾರಾದ್ರೂ ಹೇಳಿ.

ನಿವೃತ್ತ_ಮೇಷ್ಟ್ರು:
ಸರಿಯಾಗೇ ಓದಿದ್ದೀಯಮ್ಮ. ಆ ಆದೇಶ ಯಾಕೆ ಹಾಗಿತ್ತು ಅಂತ ತಿಳಿಬೇಕಾದ್ರೆ 1494ರ ಟಾರ್ಡೆಸಿಯಾಸ್ ಒಪ್ಪಂದಕ್ಕೆ ಹೋಗಬೇಕು. ಆಫ್ರಿಕಾದ ಪಶ್ಚಿಮಕ್ಕಿರೋ ಕೇಪ್ ವರ್ಡೆ ದ್ವೀಪಗಳಿಂದ 370 ಲೀಗ್ (ಆಗಿನ ದೂರದ ಅಳತೆ) ಪಶ್ಚಿಮಕ್ಕೆ ಒಂದು ಗೆರೆ ಎಳೆದು, ಅದರಿಂದ ಆಚೆ ಸ್ಪೇನಿಗೆ, ಈಚೆ ಪೋರ್ಚುಗಲ್‌ಗೆ ಅಂತ ಇಬ್ಬರು ರಾಜರು ಪ್ರಪಂಚನ ಹಂಚಿಕೊಂಡ್ರು, ಆ ಗೆರೆಯ ಎರಡೂ ಕಡೆ ಇದ್ದ ಜನರನ್ನ ಒಂದು ಮಾತೂ ಕೇಳದೆ. ಇದರ ಪ್ರಕಾರ ಆಫ್ರಿಕಾ ಸುತ್ತಿ ಭಾರತಕ್ಕೆ ಬರೋ ದಾರಿ ಪೋರ್ಚುಗೀಸರದ್ದು, ಸ್ಪೇನಿನ ಹಡಗು ಅಲ್ಲಿ ಕಾಣಿಸಿದ್ರೆ ಹಿಡೀತಿದ್ರು. ಮೆಗಲನ್ ರಾಜನಿಗೆ ಹೇಳಿದ್ದು, ಪಶ್ಚಿಮದಿಂದಲೇ ಹೋಗಿ ಮಲುಕು ದ್ವೀಪ (ಅದೇ ಮಸಾಲೆ ದ್ವೀಪ, ಟಿಡೋರ್ ಇರೋದೂ ಅಲ್ಲೇ) ನಿಮ್ಮ ಪಾಲಿನಲ್ಲೇ ಇದೆ ಅಂತ ತೋರಿಸಿಕೊಡ್ತೀನಿ ಅಂತ.

ಈಗ ಎಲ್ಕಾನೊ ಪರಿಸ್ಥಿತಿ ಯೋಚನೆ ಮಾಡಿ. 1521 ಡಿಸೆಂಬರ್, ಕೈಯಲ್ಲಿ ಒಂದೇ ಹಡಗು, ಹಳೇದು, ತುಂಬಾ ಲವಂಗ. ಬಂದ ದಾರೀಲಿ ವಾಪಸ್ ಹೋಗಬೇಕಂದ್ರೆ ಮತ್ತೆ ಆ ಪೆಸಿಫಿಕ್, ಅದೂ ಎದುರು ಗಾಳಿಯಲ್ಲಿ. ಅವನು ಹಿಂದೂ ಮಹಾಸಾಗರನ ತೀರಾ ದಕ್ಷಿಣದಿಂದ ದಾಟೋಕೆ ತೀರ್ಮಾನ ಮಾಡಿದ, ಆ ಸಾಗರದಲ್ಲಿ ಪೋರ್ಚುಗೀಸರು ಇರೋ ಒಂದು ಬಂದರಿಗೂ ಹೋಗಲಿಲ್ಲ, ಹಾಗಾಗಿ ನೀರಿಲ್ಲ, ಹೊಸ ಊಟ ಇಲ್ಲ. ಟಿಡೋರ್ ಬಿಟ್ಟಾಗ ಹಡಗಲ್ಲಿ ಇದ್ದವರು 60, ಅದರಲ್ಲಿ 47 ಯುರೋಪಿನವರು, 13 ಮಲುಕಿನವರು. ಗುಡ್ ಹೋಪ್ ಭೂಶಿರ ದಾಟಿ ಮೇಲಕ್ಕೆ ಬರೋ ಹೊತ್ತಿಗೆ ಮೇಲಿಂದ ಮೇಲೆ ಹೆಣ ಸಮುದ್ರಕ್ಕೆ ಹಾಕೋ ಹಾಗಾಗಿತ್ತು. ಭೂಮಿ ಸುತ್ತಿದ್ದು ಯಾರ ಪ್ಲಾನೂ ಅಲ್ಲ, ಬದುಕೋಕೆ ಅದೊಂದೇ ದಾರಿ ಉಳಿದಿತ್ತು ಅಂತ ಎಲ್ಕಾನೊ ಹಿಡಿದ ದಾರಿ. ಧಾರವಾಡದವರು ಹೇಳಿದ್ದರಲ್ಲಿ ನ್ಯಾಯ ಇದೆ, ಮೆಗಲನ್ ಇಲ್ಲದೆ ಆ ಹಡಗು ಪೆಸಿಫಿಕ್ ನೋಡ್ತಾನೇ ಇರಲಿಲ್ಲ. ಆದ್ರೆ ಸುತ್ತು ಅನ್ನೋದು ಶುರುವಾಗಿದ್ದೇ ಟಿಡೋರ್‌ನಲ್ಲಿ ಆ ತೀರ್ಮಾನ ಆದಾಗ.

ರಾತ್ರಿಪಾಳಿ:
ಚೀನಾದವರು ಇವರಿಗಿಂತ ನೂರು ವರ್ಷ ಮೊದಲೇ ಸುತ್ತಿದ್ರು ಅಂತ ವಿಡಿಯೋ ನೋಡಿದ್ದೆ, ಝೆಂಗ್ ಹೆ ಅಂತ ಹೆಸರು.

ಹಾಸನ_ಕ್ವಿಜ್:
@ರಾತ್ರಿಪಾಳಿ ಝೆಂಗ್ ಹೆ ದೊಡ್ಡ ನಾವಿಕ, 1405ರಿಂದ 1433ರ ತನಕ ಏಳು ಯಾತ್ರೆ, ಕೋಳಿಕ್ಕೋಡ್, ಕೊಚ್ಚಿ, ಹೊರ್ಮುಜ್, ಆಫ್ರಿಕಾದ ಪೂರ್ವ ಕರಾವಳಿ, ಇಷ್ಟಕ್ಕೆ ಗಟ್ಟಿ ದಾಖಲೆ ಇದೆ. ಅಮೆರಿಕಕ್ಕೆ ಹೋದ, ಭೂಮಿ ಸುತ್ತಿದ ಅನ್ನೋದಕ್ಕೆ ಇಲ್ಲ.

ಸೆಬು_ಮೆಡಿಕೋ:
ನಾನು ದಾವಣಗೆರೆಯವಳು, ಈಗ ಸೆಬುನಲ್ಲಿ ಎಂಬಿಬಿಎಸ್ ಓದ್ತಿದೀನಿ, ಈ ಥ್ರೆಡ್ ನೋಡಿ ಬರೀದೇ ಇರೋಕಾಗ್ಲಿಲ್ಲ. ನಾವು ವಿಮಾನ ಇಳಿಯೋದೇ ಮ್ಯಾಕ್ಟಾನ್ ದ್ವೀಪದಲ್ಲಿ, ಏರ್‌ಪೋರ್ಟ್ ಅಲ್ಲೇ ಇರೋದು. ಆ ದ್ವೀಪದಲ್ಲಿ ಲಾಪುಲಾಪು ಅನ್ನೋ ನಾಯಕನ ದೊಡ್ಡ ಪ್ರತಿಮೆ ಇದೆ, ಕೈಯಲ್ಲಿ ಕತ್ತಿ ಗುರಾಣಿ ಹಿಡ್ಕೊಂಡು ನಿಂತಿರೋದು. ಮೆಗಲನ್ ಜೊತೆ ಯುದ್ಧ ಮಾಡಿದ್ದು ಇವನ ಜನಾನೇ. ಅದೇ ಆವರಣದಲ್ಲಿ ಮೆಗಲನ್‌ಗೂ ಒಂದು ಸ್ಮಾರಕ ಇದೆ. ಪ್ರತಿ ಏಪ್ರಿಲ್‌ನಲ್ಲಿ ಸಮುದ್ರದ ದಡದಲ್ಲಿ ಆ ಯುದ್ಧನ ಮತ್ತೆ ಆಡಿ ತೋರಿಸ್ತಾರೆ, ಇಡೀ ಊರೇ ಸೇರುತ್ತೆ. 2021ಕ್ಕೆ 500 ವರ್ಷ ಆಯ್ತಲ್ಲ, ಇಲ್ಲಿ ಸರ್ಕಾರ ಅದನ್ನ ಮ್ಯಾಕ್ಟಾನ್ ವಿಜಯ ಅಂತಾನೇ ಆಚರಿಸ್ತು. ನಮ್ಮ ಪುಸ್ತಕದಲ್ಲಿ "ಸ್ಥಳೀಯರಿಂದ ಹತನಾದ" ಅಂತ ಒಂದು ಸಾಲು ಬರುತ್ತೆ ನೋಡಿ, ಆ ಸ್ಥಳೀಯರಿಗೆ ಹೆಸರಿದೆ, ಆ ಹೆಸರು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಯುದ್ಧ ಆಗಿದ್ದು ಹೇಗಂದ್ರೆ, ಸೆಬು ರಾಜ ಹುಮಬೊನ್ ಕ್ರಿಶ್ಚಿಯನ್ ಆಗಿ ಮೆಗಲನ್ ಜೊತೆ ಸ್ನೇಹ ಮಾಡ್ಕೊಂಡ, ಎದುರು ದ್ವೀಪದ ಲಾಪುಲಾಪು ತಲೆ ಬಾಗಿಸಲ್ಲ ಅಂದ. ಮೆಗಲನ್ ಸುಮಾರು 60 ಜನರನ್ನ ಕರ್ಕೊಂಡು ಬೆಳಗಿನ ಜಾವ ಹೋದ. ಆ ದಡದಲ್ಲಿ ನೀರು ಆಳ ಇಲ್ಲ, ಬಂಡೆ ಜಾಸ್ತಿ, ದೋಣಿ ಹತ್ತಿರ ಬರೋಕಾಗಲ್ಲ, ಹಾಗಾಗಿ ಫಿರಂಗಿ ದಡಕ್ಕೆ ಮುಟ್ಟಲೇ ಇಲ್ಲ. ತೊಡೆ ಮಟ್ಟ ನೀರಲ್ಲಿ ಕಬ್ಬಿಣದ ಕವಚ ಹಾಕ್ಕೊಂಡು ನಡೀಬೇಕು. ಎದುರಿಗೆ 1500 ಜನ ಇದ್ರು ಅಂತ, ಹಡಗಲ್ಲೇ ಇದ್ದು ಈ ಯಾತ್ರೆ ಕಥೆ ಬರೆದಿಟ್ಟ ಪಿಗಫೆಟ್ಟಾ ಬರೆದಿದಾನೆ, ಅವನು ಆ ಜಗಳದಲ್ಲಿ ಇದ್ದವನು, ಸೋತ ಕಡೆಯವನು ಹೇಳೋ ಲೆಕ್ಕ ಅಂತ ನಾನು ಸ್ವಲ್ಪ ಕಡಿಮೆನೇ ಮಾಡ್ಕೊತೀನಿ. ಕಾಲಿಗೆ ಕವಚ ಇಲ್ಲ ಅಂತ ನೋಡಿ ಕಾಲಿಗೇ ಹೊಡೆದ್ರು. ಆಮೇಲೆ ಎಷ್ಟು ಸಾಮಾನು ಬೇಕಾದ್ರೂ ಕೊಡ್ತೀವಿ ಹೆಣ ಕೊಡಿ ಅಂತ ಕೇಳಿದ್ರೂ ಲಾಪುಲಾಪು ಕೊಡ್ಲಿಲ್ಲ.

ಓದೋಹುಡುಗಿ:
ಸೆಬು ಅಕ್ಕ, ಎನ್ರಿಕೆ ಬಗ್ಗೆನೂ ಹೇಳಿ ಪ್ಲೀಸ್. ಅವನೇ ಮೊದಲು ಸುತ್ತಿದ್ದು ಅಂತ ಕೆಲವ್ರು ಹೇಳ್ತಾರಲ್ಲ.

ಸೆಬು_ಮೆಡಿಕೋ:
ಎನ್ರಿಕೆ ಮೆಗಲನ್‌ನ ಗುಲಾಮ. ಪೋರ್ಚುಗೀಸರು 1511ರಲ್ಲಿ ಮಲಕ್ಕಾ ಹಿಡಿದ್ರಲ್ಲ, ಆಗ ಮೆಗಲನ್ ಆ ಸೈನ್ಯದಲ್ಲಿದ್ದ, ಅಲ್ಲಿಂದ ಈ ಹುಡುಗನ್ನ ತಗೊಂಡು ಹೋದ. ಮಲಕ್ಕಾದಿಂದ ಪೋರ್ಚುಗಲ್, ಅಲ್ಲಿಂದ ಸ್ಪೇನ್, ಅಲ್ಲಿಂದ ಈ ಹಡಗು. 1521 ಮಾರ್ಚ್ 28ಕ್ಕೆ ಫಿಲಿಪೀನ್ಸ್‌ನ ಒಂದು ದ್ವೀಪದ ಹತ್ತಿರ ದೋಣಿಯಲ್ಲಿ ಎಂಟು ಜನ ಬಂದ್ರು, ಎನ್ರಿಕೆ ತನ್ನ ಭಾಷೆಯಲ್ಲಿ ಮಾತಾಡಿಸಿದ, ಅವರಿಗೆ ಅರ್ಥ ಆಯ್ತು. ಸ್ಪೇನಿಂದ ಪಶ್ಚಿಮಕ್ಕೆ ಹೊರಟು ಅಷ್ಟು ದಿನ ಬರೀ ನೀರು ನೋಡ್ಕೊಂಡು ಬಂದವರಿಗೆ, ಪೂರ್ವದ ಭಾಷೆ ಕೇಳಿಸ್ತಿದೆ ಅಂದ್ರೆ ಭೂಮಿ ಇನ್ನೊಂದು ಕಡೆಯಿಂದ ಸೇರ್ಕೊಳ್ತು ಅಂತ ಆ ಕ್ಷಣದಲ್ಲೇ ಗೊತ್ತಾಗಿರುತ್ತೆ. ಇಡೀ ಯಾತ್ರೆಯಲ್ಲಿ ನನಗೆ ಮೈ ಜುಮ್ ಅನ್ನೋದು ಇದೊಂದೇ ಜಾಗ.

ಮೆಗಲನ್ ತನ್ನ ವಿಲ್‌ನಲ್ಲಿ ನಾನು ಸತ್ತ ದಿನದಿಂದ ಎನ್ರಿಕೆಗೆ ಬಿಡುಗಡೆ ಅಂತ ಬರೆದಿದ್ದ, ಜೊತೆಗೆ ಹಣನೂ ಇಟ್ಟಿದ್ದ. ಆದ್ರೆ ಮೆಗಲನ್ ಸತ್ತ ಮೇಲೆ ನಾಯಕನಾದ ದುಆರ್ತೆ ಬಾರ್ಬೋಸ ಒಪ್ಪಲಿಲ್ಲ. ಗಾಯ ಆಗಿ ಮಲಗಿದ್ದವನನ್ನ ಎಬ್ಬಿಸಿ, ನೀನು ಮೆಗಲನ್ ಹೆಂಡತಿಗೆ ಸೇರಿದ ಗುಲಾಮ, ದಡಕ್ಕೆ ಹೋಗಿ ದುಭಾಷಿ ಕೆಲಸ ಮಾಡದಿದ್ರೆ ಹೊಡೀತೀನಿ ಅಂತ ಹೆದರಿಸಿದ. ಎನ್ರಿಕೆ ದಡಕ್ಕೆ ಹೋಗಿ ಹುಮಬೊನ್ ಜೊತೆ ಮಾತಾಡ್ಕೊಂಡ, ಮೇ 1ರ ಊಟದ ಹಿಂದೆ ಅವನೇ ಇದ್ದ ಅಂತ ಪಿಗಫೆಟ್ಟಾ ಆರೋಪ. ಕಾಗದದಲ್ಲಿ ಸ್ವತಂತ್ರ ಆದವನಿಗೆ ನೀನಿನ್ನೂ ಗುಲಾಮ ಅಂದ್ರೆ ಅವನು ಏನು ಮಾಡಬೇಕಿತ್ತು ಹೇಳಿ. ನಾನಂತೂ ಅವನನ್ನ ದ್ರೋಹಿ ಅನ್ನಲ್ಲ.

ಕುಮಟಾ_ನಾವಿಕ:
ಎನ್ರಿಕೆ ಲೆಕ್ಕ ನಾನು ಹೇಳ್ತೀನಿ, ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್, ಚಾರ್ಟು ಕೋರ್ಸು ನೋಡೋದೇ ನನ್ನ ಕೆಲಸ. ಮಲಕ್ಕಾ ಇರೋದು 102 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸೆಬು ಹತ್ತಿರತ್ತಿರ 124. ಅಂದ್ರೆ ಅವನು ಸೆಬು ತಲುಪಿದಾಗ ಪೂರ್ತಿ ಸುತ್ತಿಗೆ 22 ಡಿಗ್ರಿ ಬಾಕಿ. ಮೇ 1 ಆದ್ಮೇಲೆ ಅವನು ಊರಿಗೆ ಹೋದ ಅನ್ನೋದಕ್ಕೆ ಒಂದು ಕಾಗದನೂ ಇಲ್ಲ. ಹೋಗಿದ್ರೆ ಮೊದಲಿಗ ಅವನೇ, ಎಲ್ಕಾನೊಗಿಂತ ಮೊದಲು. ಮೆಗಲನ್‌ಗೂ ಇದೇ ಲೆಕ್ಕ, ಅವನೂ ಹಿಂದೆ ಪೂರ್ವದ ಕಡೆಯಿಂದ ಮಲಕ್ಕಾ ತನಕ ಬಂದಿದ್ದವನು, ಎರಡು ಯಾತ್ರೆ ಸೇರಿಸಿದ್ರೂ ಅದೇ 22 ಡಿಗ್ರಿ ಬಾಕಿ ಉಳಿಯುತ್ತೆ. ಎರಡು ಸಲ ಸೇರಿಸಿ ಸುತ್ತಿದ ಅಂತ ಗೈಡ್‌ನವರು ವಾದ ಮಾಡಿದ್ರೆ ಇದನ್ನ ಹೇಳಿ.

ರೇಖಾಂಶ ಅಂದ್ಮೇಲೆ ಇನ್ನೊಂದು. ಟಾರ್ಡೆಸಿಯಾಸ್ ಗೆರೆ ಸುಮಾರು 46-47 ಡಿಗ್ರಿ ಪಶ್ಚಿಮ ಅಂತ ಇಟ್ಕೊಳ್ಳಿ, ಅದನ್ನ ಭೂಮಿ ಆಚೆ ಬದಿಗೆ ತಂದ್ರೆ 133-134 ಡಿಗ್ರಿ ಪೂರ್ವ ಬರುತ್ತೆ. ಟಿಡೋರ್ 127ರಲ್ಲಿದೆ. ಅಂದ್ರೆ ಮಲುಕು ದ್ವೀಪ ಪೋರ್ಚುಗೀಸರ ಪಾಲಿಗೇ ಬರ್ತಿತ್ತು, ಮೆಗಲನ್ ರಾಜನಿಗೆ ಹೇಳಿದ್ದು ನಿಲ್ಲೋ ಮಾತಲ್ಲ. ಆದ್ರೆ ಆ ಕಾಲದಲ್ಲಿ ಸಮುದ್ರದ ಮೇಲೆ ರೇಖಾಂಶ ಅಳೆಯೋ ಸಾಧನ ಇರ್ಲಿಲ್ಲ, ಅಕ್ಷಾಂಶ ಮಾತ್ರ ಸೂರ್ಯ, ನಕ್ಷತ್ರ ನೋಡಿ ಗೊತ್ತಾಗ್ತಿತ್ತು. 1524ರಲ್ಲಿ ಎರಡೂ ದೇಶದ ತಜ್ಞರು ಕೂತು ವಾದ ಮಾಡಿ ತೀರ್ಮಾನಕ್ಕೆ ಬರೋಕಾಗಲಿಲ್ಲ. ಕೊನೆಗೆ 1529ರಲ್ಲಿ ಸಾರಗೋಸ ಒಪ್ಪಂದದಲ್ಲಿ ಚಾರ್ಲ್ಸ್ ತನ್ನ ಹಕ್ಕನ್ನ 3,50,000 ಡುಕಾಟ್‌ಗೆ (ಆಗಿನ ಚಿನ್ನದ ನಾಣ್ಯ) ಪೋರ್ಚುಗಲ್‌ಗೆ ಬಿಟ್ಕೊಟ್ಟ. ತನ್ನದಲ್ಲದ ದ್ವೀಪಕ್ಕೆ ಅಷ್ಟು ದುಡ್ಡು ಬಂತು.

ನಿವೃತ್ತ_ಮೇಷ್ಟ್ರು:
ಒಂದು ದಿನ ಕಳೆದುಹೋದ ವಿಷಯನೂ ನೀವೇ ಹೇಳಿ ಸ್ವಾಮಿ, ನಿಮ್ಮ ವೃತ್ತಿಯವರು ಹೇಳಿದ್ರೆ ಚೆನ್ನ.

ಕುಮಟಾ_ನಾವಿಕ:
ಹೇಳ್ತೀನಿ ಸರ್. 1522 ಜುಲೈ 9, ವಿಕ್ಟೋರಿಯಾ ಊಟ ನೀರು ಏನೂ ಇಲ್ಲದೆ ಕೇಪ್ ವರ್ಡೆಗೆ ಬಂತು, ಅದು ಪೋರ್ಚುಗೀಸರ ಜಾಗ, ನಾವು ಅಮೆರಿಕದ ಕಡೆಯಿಂದ ಬರ್ತಿದೀವಿ ಅಂತ ಸುಳ್ಳು ಹೇಳಿ ಅಕ್ಕಿ ತಗೊಂಡ್ರು. ದಡಕ್ಕೆ ಹೋದವರಿಗೆ ಇವತ್ತು ಯಾವ ವಾರ ಅಂತ ಕೇಳ್ಕೊಂಡು ಬರೋಕೆ ಹೇಳಿದ್ರು, ಗುರುವಾರ ಅಂತ ಉತ್ತರ ಬಂತು. ಹಡಗಲ್ಲಿ ಬುಧವಾರ. ಪಿಗಫೆಟ್ಟಾ ದಿನಾ ತಪ್ಪದೆ ಬರೀತಿದ್ದವನು, ಪೈಲಟ್ ಫ್ರಾನ್ಸಿಸ್ಕೊ ಆಲ್ಬೊ ಬೇರೆ ತನ್ನದೇ ಲಾಗ್ ಇಟ್ಟಿದ್ದ, ಇಬ್ಬರ ಲೆಕ್ಕಾನೂ ತಪ್ಪೋದು ಸಾಧ್ಯ ಇಲ್ಲ, ಹಾಗಾದ್ರೆ ಒಂದು ದಿನ ಎಲ್ಲಿ ಹೋಯ್ತು ಅಂತ ಅವರಿಗೆ ದೊಡ್ಡ ಆಶ್ಚರ್ಯ.

ವಿಷಯ ಏನಂದ್ರೆ, ಪಶ್ಚಿಮಕ್ಕೆ ಹೋಗುವಾಗ ನೀವು ಸೂರ್ಯ ಹೋಗೋ ದಿಕ್ಕಿಗೇ ಹೋಗ್ತಿರ್ತೀರ, ಅದಕ್ಕೆ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ 24 ಗಂಟೆಗಿಂತ ಚೂರು ಜಾಸ್ತಿ ಬೀಳುತ್ತೆ. ನಾವು ಈಗ 15 ಡಿಗ್ರಿಗೆ ಒಂದು ಗಂಟೆ ಹಾಗೆ ಹಡಗಿನ ಗಡಿಯಾರ ಹಿಂದಕ್ಕೆ ಇಡ್ತೀವಿ, 180 ಡಿಗ್ರಿ ಗೆರೆ ದಾಟಿದಾಗ ಕ್ಯಾಲೆಂಡರ್‌ನಲ್ಲಿ ಒಂದು ದಿನ ಹಾರಿಸ್ತೀವಿ. ಅವರ ಹತ್ರ ಗಂಟೆ ಬದಲಾಯಿಸೋ ಪದ್ಧತಿ ಇಲ್ಲ, ದಿನಾಂಕ ರೇಖೆ ಇಲ್ಲ, ಸೂರ್ಯ ಎಷ್ಟು ಸಲ ಹುಟ್ಟಿದ ಅಂತ ಎಣಿಸಿದ್ರು. 360 ಡಿಗ್ರಿ ಮುಗಿದಾಗ ಆ ಚೂರು ಚೂರೆಲ್ಲ ಸೇರಿ ಪೂರ್ತಿ ಒಂದು ದಿನ ಆಗಿತ್ತು, ಊರಲ್ಲಿದ್ದವರಿಗಿಂತ ಒಂದು ಸೂರ್ಯೋದಯ ಇವರು ಕಡಿಮೆ ನೋಡಿದ್ರು. ಭೂಮಿ ಸುತ್ತಿದೀವಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನ್ನ ಪ್ರಕಾರ ಇಲ್ಲ. ಅಲ್ಲೇ ಲವಂಗದ ಗುಟ್ಟು ಬಯಲಾಗಿ ದಡಕ್ಕೆ ಹೋಗಿದ್ದ 13 ಜನರನ್ನ ಪೋರ್ಚುಗೀಸರು ಹಿಡ್ಕೊಂಡ್ರು, ಎಲ್ಕಾನೊ ಉಳಿದವರನ್ನ ಕರ್ಕೊಂಡು ಓಡಿದ. ಆ ಹಿಡಿದವರನ್ನ ಆಮೇಲೆ ಬಿಟ್ರು, ಹಾಗಾಗಿ ಸುತ್ತಿದವರು ಹದಿನೆಂಟೇ ಅಲ್ಲ. ಮಲುಕಿನಿಂದ ಹತ್ತಿದ ಕೆಲವರೂ ಸ್ಪೇನ್ ತನಕ ಬದುಕಿ ಬಂದಿದ್ರು, ಅವರು ಪೂರ್ತಿ ಸುತ್ತಿದವರಲ್ಲ, ಆದ್ರೂ ಬದುಕಿ ಬಂದವರ ಲೆಕ್ಕದಲ್ಲಿ ಅವರನ್ನ ಯಾರೂ ಎಣಿಸಲ್ಲ.

ಕಲಬುರ್ಗಿ_ಕೋಟೆ:
ಈ ಒಂದು ದಿನದ ಲೆಕ್ಕ ಕಾಗದದ ಮೇಲೆ ಮೊದಲೇ ಹಾಕಿದ್ದವನು ಒಬ್ಬ ಇದ್ದ. ಸಿರಿಯಾದ ಹಮಾ ಪಟ್ಟಣ ಆಳ್ತಿದ್ದ ಅಬುಲ್ ಫಿದಾ, 1331ರಲ್ಲಿ ತೀರಿಕೊಂಡ, ಆಡಳಿತದ ಜೊತೆ ಭೂಗೋಳ ಬರೆದವನು. ಮೂರು ಜನ ಇದ್ದಾರೆ ಅಂತ ಇಟ್ಕೊಳ್ಳಿ, ಒಬ್ಬ ಪೂರ್ವಕ್ಕೆ ಸುತ್ತುತ್ತಾನೆ, ಒಬ್ಬ ಪಶ್ಚಿಮಕ್ಕೆ, ಒಬ್ಬ ನಿಂತಲ್ಲೇ ಇರ್ತಾನೆ, ಮೂವರೂ ಮತ್ತೆ ಸೇರಿದಾಗ ಪಶ್ಚಿಮಕ್ಕೆ ಹೋದವನಿಗೆ ಒಂದು ದಿನ ಕಡಿಮೆ, ಪೂರ್ವಕ್ಕೆ ಹೋದವನಿಗೆ ಒಂದು ದಿನ ಜಾಸ್ತಿ ಅಂತ ಬರೆದಿದ್ದ. ಹಡಗು ಹೊರಡೋಕೆ ಸುಮಾರು ಇನ್ನೂರು ವರ್ಷ ಮೊದಲು. ಯೋಚನೆಯಲ್ಲೇ ಭೂಮಿ ಸುತ್ತಿ ಬಂದವನು ಅವನು, ಕ್ವಿಜ್‌ನವರು ಅವನನ್ನೂ ಕೇಳಬೇಕು.

ಟೀ_ಬ್ರೇಕ್:
ಊಟಕ್ಕೆ ಏನ್ ಮಾಡ್ತಿದ್ರು ಅಷ್ಟು ದಿನ?

ಹಾಸನ_ಕ್ವಿಜ್:
ಜಲಸಂಧಿ ಬಿಟ್ಟ ಮೇಲೆ ಮೂರು ತಿಂಗಳು ಇಪ್ಪತ್ತು ದಿನ ಹೊಸ ಆಹಾರ ಅನ್ನೋದು ಸಿಗಲೇ ಇಲ್ಲ. ಬಿಸ್ಕತ್ತು ಹುಳ ತಿಂದು ಪುಡಿಯಾಗಿತ್ತು, ಇಲಿ ಮೂತ್ರದ ವಾಸನೆ, ಅದನ್ನೇ ತಿಂದ್ರು. ನೀರು ಹಳದಿ ಬಣ್ಣಕ್ಕೆ ತಿರುಗಿ ನಾರ್ತಿತ್ತು. ಹಾಯಿಮರಕ್ಕೆ ಹಗ್ಗ ಸವೀದೇ ಇರ್ಲಿ ಅಂತ ಸುತ್ತಿದ್ದ ಎತ್ತಿನ ಚರ್ಮ ಬಿಚ್ಚಿ ನಾಲ್ಕೈದು ದಿನ ಸಮುದ್ರದಲ್ಲಿ ನೆನೆಹಾಕಿ ಕೆಂಡದ ಮೇಲೆ ಸುಟ್ಟು ತಿಂದ್ರು. ಒಂದು ಇಲಿಗೆ ಅರ್ಧ ಡುಕಾಟ್ ಬೆಲೆ. ವಸಡು ಊದಿ ಹಲ್ಲು ಮುಚ್ಚಿಕೊಂಡು ಅಗಿಯೋಕೆ ಆಗದೆ 19 ಜನ ಸತ್ರು ಅಂತ ಪಿಗಫೆಟ್ಟಾ ಲೆಕ್ಕ ಇಟ್ಟಿದಾನೆ. ಸ್ಕರ್ವಿ, ವಿಟಮಿನ್ ಸಿ ಇಲ್ಲದೆ ಬರೋ ಕಾಯಿಲೆ. ಪೆಸಿಫಿಕ್ ಅಷ್ಟು ದೊಡ್ಡದು ಅಂತ ಯುರೋಪಿನ ಒಂದು ಲೆಕ್ಕದಲ್ಲೂ ಇರಲಿಲ್ಲ, ಆ ಸಾವಿಗೆಲ್ಲ ಮೂಲ ಅದೇ.

ಕಾರವಾರ_ಕಡಲು:
ಇಷ್ಟು ಜನ ಬರೆದ್ರೂ ನಮ್ಮ ಕಡೆ ವಿಷಯ ಯಾರೂ ಹೇಳಿಲ್ಲ. ಮೆಗಲನ್ ಮೊದಲು ಸಮುದ್ರಕ್ಕೆ ಬಂದಿದ್ದೇ 1505ರಲ್ಲಿ, ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಜೊತೆ ಭಾರತಕ್ಕೆ ಹೊರಟ ದೊಡ್ಡ ಹಡಗುಪಡೆಯಲ್ಲಿ. ಆ ಪಡೆ ಸೆಪ್ಟೆಂಬರ್‌ನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ನಿಂತು ಕೋಟೆ ಕಟ್ಟೋಕೆ ಶುರು ಮಾಡ್ತು, ಅಲ್ಲಿಂದ ಕೆಳಗೆ ಹೊನ್ನಾವರಕ್ಕೆ ಹೋಗಿ ಬಂದರಲ್ಲಿದ್ದ ಹಡಗುಗಳಿಗೆ ಬೆಂಕಿ ಇಟ್ಟಿತು. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು, ಹೆಸರಿಲ್ಲದ ಸಾಮಾನ್ಯ ಸೈನಿಕ. ಆಮೇಲೆ ಏಳೆಂಟು ವರ್ಷ ಈ ಕಡೆಯ ನೀರಿನಲ್ಲೇ ಇದ್ದ, 1509ರ ದಿಯು ಯುದ್ಧ, ಆಮೇಲೆ ಮಲಕ್ಕಾ. ಮಸಾಲೆ ಎಲ್ಲಿಂದ ಬರುತ್ತೆ ಯಾರ ಕೈಲಿ ಎಷ್ಟು ಲಾಭ ಅಂತ ಅವನು ಕಲಿತಿದ್ದು ನಮ್ಮ ಪಶ್ಚಿಮ ಕರಾವಳಿಯಿಂದ ಮಲಕ್ಕಾ ತನಕದ ಈ ದಾರೀಲೇ. ಅವನನ್ನ ಬರೀ ಸಾಹಸಿ ಅಂತ ಓದುವಾಗ ಹೊನ್ನಾವರದಲ್ಲಿ ಸುಟ್ಟ ಹಡಗುಗಳೂ ನೆನಪಿಗೆ ಬರಬೇಕು.

ಧಾರವಾಡ_ಫೇಡಾ:
ಸೆಬು ತಂಗಿ ಹೇಳಿದ ದುಆರ್ತೆ ಬಾರ್ಬೋಸ, ವಿಜಯನಗರದ ಬಗ್ಗೆ ಬರೆದ ಬಾರ್ಬೋಸ ಇಬ್ಬರೂ ಒಬ್ಬರ ಏನ್ರಿ? ನಮ್ಮ ಪುಸ್ತಕದಾಗ ಕೃಷ್ಣದೇವರಾಯನ ಕಾಲಕ್ಕ ಬಂದ ಪ್ರವಾಸಿ ಅಂತ ಅವನ ಹೆಸರು ಓದೀನಿ.

ನಿವೃತ್ತ_ಮೇಷ್ಟ್ರು:
ಬಹಳ ಜನ ಒಬ್ಬನೇ ಅಂತ ಬರೆದುಬಿಟ್ಟಿದ್ದಾರೆ. ವಿಜಯನಗರದ ಬಗ್ಗೆ ಬರೆದವನು ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಗುಮಾಸ್ತನಾಗಿದ್ದವನು, ಮಲಯಾಳಂ ಚೆನ್ನಾಗಿ ಬಲ್ಲವನು, 1521 ಆದ ಮೇಲೂ ಕೇರಳದಲ್ಲಿ ಕೆಲಸ ಮಾಡಿದ ದಾಖಲೆ ಇದೆ. ಸೆಬುನಲ್ಲಿ ಮೇ 1ಕ್ಕೆ ಸತ್ತವನು ಮೆಗಲನ್ ಹೆಂಡತಿ ಕಡೆಯ ಸಂಬಂಧಿ. ಸತ್ತವನು ಕಣ್ಣೂರಿನಲ್ಲಿ ಲೆಕ್ಕ ಬರೆಯೋಕಾಗಲ್ಲ, ಹಾಗಾಗಿ ಇಬ್ಬರು ಅಂತಲೇ ತಿಳೀಬೇಕು. ಹೆಸರು ಒಂದೇ ಅನ್ನೋ ಕಾರಣಕ್ಕೆ ಒಬ್ಬನ ಜೀವನ ಇನ್ನೊಬ್ಬನಿಗೆ ಅಂಟಿದೆ.

ಓದೋಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ನಾನು ನಿರೀಕ್ಷೆನೇ ಮಾಡಿರ್ಲಿಲ್ಲ. ಈಗ ಡ್ರೇಕ್ ವಿಷಯ. ಅವನು 1577 ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ತಾನೇ ನಾಯಕನಾಗಿ ಹೊರಟ, 1580 ಸೆಪ್ಟೆಂಬರ್ 26ಕ್ಕೆ ಗೋಲ್ಡನ್ ಹೈಂಡ್ ಹಡಗಲ್ಲಿ ತಾನೇ ನಾಯಕನಾಗಿ ವಾಪಸ್ ಬಂದ. ಕೊಟ್ಟ ನಾಲ್ಕು ಜನರಲ್ಲಿ ಪೂರ್ತಿ ಸುತ್ತಿದವನು ಅವನೊಬ್ಬನೇ. ನನ್ನ ಉತ್ತರ ಸರಿ ಅಂತ ವಾದ ಮಾಡಬಹುದಾ?

ಹಾಸನ_ಕ್ವಿಜ್:
ಮಾಡಬಹುದು, ಆದ್ರೆ ಎಲ್ಕಾನೊ ಅವನಿಗಿಂತ 58 ವರ್ಷ ಮೊದಲೇ ಬಂದಾಗಿತ್ತು. ಮೊದಲಿನಿಂದ ಕೊನೆ ತನಕ ಒಬ್ಬನೇ ನಾಯಕನಾಗಿ ಸುತ್ತಿದ ಮೊದಲಿಗ ಯಾರು ಅಂತ ಕೇಳಿದ್ರೆ ಡ್ರೇಕ್ ನೂರಕ್ಕೆ ನೂರು ಸರಿ. ಕೇಳಿರೋ ಪ್ರಶ್ನೆಗೆ ನಾಲ್ಕರಲ್ಲೂ ಸರಿ ಉತ್ತರ ಇಲ್ಲ, ಪ್ರಶ್ನೆ ರದ್ದು ಮಾಡಿ ಎಲ್ಲರಿಗೂ ಮಾರ್ಕ್ಸ್ ಕೊಡಿ ಅಂತ ಬರೀರಿ, ಅದು ಗಟ್ಟಿ. ಎಲ್ಕಾನೊಗೆ ಚಾರ್ಲ್ಸ್ ಕೊಟ್ಟ ಲಾಂಛನದಲ್ಲಿ ಭೂಗೋಳ ಇದೆ, "ನನ್ನನ್ನು ಮೊದಲು ಸುತ್ತಿದವನು ನೀನು" ಅಂತ ಲ್ಯಾಟಿನ್‌ನಲ್ಲಿ ಬರೆದಿದೆ, ಜೊತೆಗೆ ಚಕ್ಕೆ, ಜಾಯಿಕಾಯಿ, ಲವಂಗ. ಆಬ್ಜೆಕ್ಷನ್‌ಗೆ ಆ ಲಾಂಛನದ ವಿಷಯ ಸೇರಿಸಿ. ಅಂದ ಹಾಗೆ ಡ್ರೇಕ್ ಕೂಡ ಅದೇ ಸಾನ್ ಹುಲಿಯನ್ ಬಂದರಲ್ಲಿ ನಿಂತಿದ್ದ, 1578ರಲ್ಲಿ, ತನ್ನ ಜೊತೆಯವನಾದ ಥಾಮಸ್ ಡೌಟಿ ಮೇಲೆ ದಂಗೆ ಆರೋಪ ಹೊರಿಸಿ ಅಲ್ಲೇ ತಲೆ ಕಡಿಸಿದ. ಮೆಗಲನ್ ಕಾಲದ ಗಲ್ಲುಮರದ ಉಳಿಕೆ ಅವರಿಗೆ ಅಲ್ಲಿ ಕಾಣಿಸಿತ್ತು.

ಸೆಬು_ಮೆಡಿಕೋ:
ಇನ್ನೊಂದು ವಿಷಯ ಗಮನಿಸಿದ್ರಾ, ಪಿಗಫೆಟ್ಟಾ ಪುಸ್ತಕದಲ್ಲಿ ಎಲ್ಕಾನೊ ಹೆಸರು ಒಂದೇ ಒಂದು ಕಡೆನೂ ಇಲ್ಲ. ಎಲ್ಕಾನೊ ಹಡಗಲ್ಲೇ ಪಿಗಫೆಟ್ಟಾ ಊರಿಗೆ ವಾಪಸ್ ಬಂದಿದಾನೆ. ಮೆಗಲನ್ ಮೇಲೆ ಅವನಿಗೆ ಭಕ್ತಿ, ದಂಗೆ ಎದ್ದವನ ಹೆಸರು ಬರೆಯೋಕೆ ಮನಸ್ಸಿರಲಿಲ್ಲವೇನೋ. ಎಲ್ಲರೂ ಓದಿದ್ದು ಆ ಪುಸ್ತಕನೇ, ಹಾಗಾಗಿ ಗೈಡ್ ತನಕ ಮೆಗಲನ್ ಹೆಸರೇ ಬಂದಿದೆ ಅಂತ ನನಗನ್ಸುತ್ತೆ.

ರಾತ್ರಿಪಾಳಿ:
ಟಿಡೋರ್‌ನಲ್ಲಿ ಸೋರ್ತಾ ನಿಂತ್ಕೊಂಡ್ತಲ್ಲ ಟ್ರಿನಿಡಾಡ್, ಅದು ಏನಾಯ್ತು? ಅದರ ಜನ?

ಕುಮಟಾ_ನಾವಿಕ:
ಅದನ್ನ ರಿಪೇರಿ ಮಾಡಿ 1522 ಏಪ್ರಿಲ್‌ನಲ್ಲಿ ಪೂರ್ವಕ್ಕೆ ಹೊರಟ್ರು, ಪೆಸಿಫಿಕ್ ದಾಟಿ ಅಮೆರಿಕ ಸೇರೋಣ ಅಂತ. ಕ್ಯಾಪ್ಟನ್ ಗೊನ್ಸಾಲೊ ಗೊಮೆಸ್ ದೆ ಎಸ್ಪಿನೋಸ. ಅನುಕೂಲ ಗಾಳಿ ಸಿಗದೆ ಉತ್ತರಕ್ಕೆ ಹೋಗ್ತಾ ಹೋಗ್ತಾ 40 ಡಿಗ್ರಿ ಅಕ್ಷಾಂಶ ದಾಟಿದ್ರು, ಚಳಿ, ಬಿರುಗಾಳಿ, ಸ್ಕರ್ವಿ, ಅರ್ಧಕ್ಕಿಂತ ಜಾಸ್ತಿ ಜನ ಸತ್ತು ವಾಪಸ್ ತಿರುಗಿದ್ರು. ದಾರಿ ಇದ್ದಿದ್ದು ಉತ್ತರದಲ್ಲೇ, 1565ರಲ್ಲಿ ಉರ್ದನೇಟ ಅನ್ನೋ ಸ್ಪೇನಿನ ನಾವಿಕ ಅದೇ ಕಡೆ ಹೋಗಿ ಮೆಕ್ಸಿಕೊ ಸೇರಿದ, ಅದಾದ್ಮೇಲೆ 1815ರ ತನಕ ಮನಿಲಾದಿಂದ ಮೆಕ್ಸಿಕೊಗೆ ಹೋಗೋ ಸ್ಪೇನಿನ ಹಡಗುಗಳು ಆ ಗಾಳಿ ಹಿಡಿದೇ ಓಡಾಡಿದ್ವು. ಎಸ್ಪಿನೋಸನಿಗೆ ಅಷ್ಟು ದೂರ ಹೋಗೋಕೆ ಜನಾನೂ ಉಳಿದಿರಲಿಲ್ಲ. ವಾಪಸ್ ಬಂದವರನ್ನ ಪೋರ್ಚುಗೀಸರು ಹಿಡಿದ್ರು, ಹಡಗು ಟಿಡೋರ್ ಪಕ್ಕದ ಟೆರ್ನಾಟೆ ದ್ವೀಪದಲ್ಲಿ ಒಡೆದು ಹೋಯ್ತು. ಕೈದಿಗಳನ್ನ ಮಲಕ್ಕಾಗೆ, ಅಲ್ಲಿಂದ ನಮ್ಮ ಕೊಚ್ಚಿಗೆ ತಂದು ಇಟ್ರು. ಎಸ್ಪಿನೋಸ, ಹಿನೆಸ್ ದೆ ಮಾಫ್ರ, ಲಿಯೋನ್ ಪಂಕಾಲ್ಡೊ, ಹೀಗೆ ಬೆರಳೆಣಿಕೆ ಜನ ವರ್ಷಗಳಾದ ಮೇಲೆ ಪೋರ್ಚುಗೀಸ್ ಹಡಗಲ್ಲಿ ಆಫ್ರಿಕಾ ಸುತ್ತಿ ಯುರೋಪ್ ಸೇರಿದ್ರು. ಅವರೂ ಭೂಮಿ ಪೂರ್ತಿ ಸುತ್ತಿದವರೇ, ಅರ್ಧ ಸ್ಪೇನಿನ ಹಡಗಲ್ಲಿ, ಅರ್ಧ ಶತ್ರುವಿನ ಹಡಗಲ್ಲಿ ಕೈದಿಯಾಗಿ. ಎಸ್ಪಿನೋಸ ಸಂಬಳ ಕೇಳಿದಾಗ ಸೆರೆಯಲ್ಲಿದ್ದ ಕಾಲಕ್ಕೆ ನೀನು ರಾಜನ ಕೆಲಸ ಮಾಡ್ತಿರಲಿಲ್ಲ ಅಂತ ಸ್ಪೇನಿನ ಸೆವಿಲ್ಲೆಯ ಸರ್ಕಾರಿ ಕಚೇರಿಯವರು ಕತ್ತರಿಸಿದ್ರು, ಅವನು ಅದಕ್ಕೆ ಕೇಸ್ ಹಾಕಿದ.

ರಾತ್ರಿಪಾಳಿ:
ಕೊಚ್ಚಿಯಲ್ಲಿ ಇಟ್ಟಿದ್ರು ಅಂತ ಎಲ್ಲೂ ಓದಿರ್ಲಿಲ್ಲ. ಓದೋಹುಡುಗಿ ಅವರೇ, ಆಬ್ಜೆಕ್ಷನ್‌ಗೆ ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ.

ಓದೋಹುಡುಗಿ:
ಖಂಡಿತ ಹಾಕ್ತೀನಿ. ಲಾಂಛನದ್ದು, 22 ಡಿಗ್ರಿದು ಎರಡೂ ಸೇರಿಸಿ ಇವತ್ತೇ ಕಳಿಸ್ತಿದೀನಿ.